ಹೂಂ ಅಂದವರು ಯಾರು

ನವೆಂಬರ್ 11, 2024. ಸೋಮವಾರ

ಬಾದಾಮಿ ಸ್ಟ್ಯಾಂಡಿಗೆ ಬಸ್ಸು ತುಂಬಿಯೇ ಬಂತು. ಗುಳೇದಗುಡ್ಡದವರೆಗೆ ನಿಂತೇ ಹೋದೆ. ಬೆನ್ನು ನೋವು. ಬ್ಯಾಗಿನಲ್ಲಿ ಡಬ್ಬಿ, ತಿದ್ದಬೇಕಾದ ಇಂಟರ್ನಲ್ಸ್ ಪೇಪರ್, ಮೇಲೆ ಲಿಂಬೆಹಣ್ಣು.

ಬಾಗಲಕೋಟೆ ತಲುಪಿದ ಕೂಡಲೇ ಮೊದಲ ಪಿರಿಯಡ್. ಬಿ.ಎ. ಐದನೇ ಸೆಮಿಸ್ಟರ್‌ಗೆ ವ್ಯಕ್ತಿತ್ವದ ಪಾಠ ಶುರು. ಮೊದಲು ಜೈವಿಕ ಸಿದ್ಧಾಂತಗಳು — ಸ್ವಭಾವ ಅನ್ನುವುದು ಬಹುಪಾಲು ಮೆದುಳು, ನರ, ರಕ್ತದಲ್ಲಿ ಬಂದದ್ದು. ಮಾತು ಕಡಿಮೆ ಇರುವವರ ಮೆದುಳು ಮೊದಲೇ ಎಚ್ಚರವಾಗಿರುತ್ತದೆ, ಹೊರಗಿನ ಗದ್ದಲ ಅವರಿಗೆ ಬೇಕಾಗುವುದಿಲ್ಲ... ಹೀಗೇ ಹೇಳುತ್ತಾ ಹೋದರೆ ಹಿಂದಿನ ಬೆಂಚು ಮಲಗುತ್ತದೆ. ಅದಕ್ಕೇ ಲಿಂಬೆಹಣ್ಣು. ಹತ್ತಿಕಡ್ಡಿಯ ನಡುವಿಗೆ ದಾರ ಕಟ್ಟುವುದು. ಒಂದು ತುದಿಯನ್ನು ನಾಲಿಗೆಯ ಮೇಲಿಟ್ಟು ತೆಗೆಯುವುದು. ಆಮೇಲೆ ನಾಲಿಗೆಗೆ ಲಿಂಬೆರಸ ಬಿಟ್ಟು ಇನ್ನೊಂದು ತುದಿ ಇಡುವುದು. ದಾರ ಹಿಡಿದು ಎತ್ತಿದಾಗ ಎರಡನೇ ತುದಿ ಹೆಚ್ಚು ವಾಲಿದರೆ ಅಂತರ್ಮುಖಿ ಅಂತ ಲೆಕ್ಕ. ಪೂರ್ತಿ ನಂಬುವಂಥದ್ದಲ್ಲ. ಆದರೂ ಕ್ಲಾಸು ಎದ್ದು ಕೂತಿತು.

ಯಮನೂರನ ಕಡ್ಡಿ ನೇರ ನೆಲ ನೋಡಿತು. ಕ್ಲಾಸಿನಲ್ಲಿ ಬಾಯಿ ಬಿಡದವನು ಇವತ್ತು ಎದ್ದು ಕೇಳಿದ: "ಮೇಡಂ, ಹಂಗಂದ್ರ ನಾವು ಹೆಂಗ ಹುಟ್ಟೀವೋ ಹಂಗ ಸಾಯೂತನಾ ಇರಬೇಕೇನ್ರಿ?"

"ಇನ್ನರ್ಧ ಪಾಠ ಐತಿ, ತಡಿ" ಎಂದೆ. ಬೆಲ್ಲು ಹೊಡೆಯಿತು. ಪುಣ್ಯ.

ಸಂಜೆ ಅನ್ನ ತಳ ಹಿಡಿಯಿತು. ಪೇಪರ್ ತಿದ್ದುತ್ತಾ ಮರೆತಿದ್ದೆ. ಎರಡು ವರ್ಷದ ಹಿಂದಾಗಿದ್ದರೆ ತಾಟು ಗೋಡೆಗೆ ಹೋಗುತ್ತಿತ್ತು, ಆಮೇಲೆ ವಾರಗಟ್ಟಲೆ ಮಾತಿಲ್ಲ. ಇವತ್ತು ಇವರು ಅದನ್ನೇ ಕಲಸಿಕೊಂಡು ಉಂಡು, "ಭಾಳ ಛಲೋ ಆಗೇತಿ, ಗಂಗಾ" ಎಂದರು. ಮದುವೆಯಾದಾಗಿನಿಂದ ನನ್ನನ್ನು "ಏ", "ಇಲ್ಲಿ ನೋಡು" ಅಂತಲೇ ಕರೆದವರು. ಗಂಗಾ ಅನ್ನಲು ಹತ್ತಿದ್ದು ಈ ಯುಗಾದಿ ಆದಮೇಲೆ.

ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದರೆ ನಿಂತುಬಿಟ್ಟೀತು ಅಂತ.


ನವೆಂಬರ್ 17, ಭಾನುವಾರ. ಮಧ್ಯಾಹ್ನ

ರಾಧಿಕಾ ಹಟ ಹಿಡಿದಳು — ಲಿಂಬೆಹಣ್ಣಿನ ಆಟ ಮನೆಯಲ್ಲೂ ಆಗಬೇಕಂತೆ. ಹತ್ತನೇ ಕ್ಲಾಸಿನ ಹುಡುಗಿ, ಓದುವುದು ಬಿಟ್ಟು.

ಇವರು ಮಂಚದ ಮೇಲೆ ನಾಲಿಗೆ ಚಾಚಿ ಮಲಗಿದರು. ವಿಜಯಮಹಾಂತೇಶ, ಕುಳಗೇರಿ ಕ್ರಾಸ್ ಬಸ್ ಸ್ಟ್ಯಾಂಡಿನ ಕಂಟ್ರೋಲರ್ — ಬಸ್ಸು ತಡವಾದರೆ ಡ್ರೈವರುಗಳು ಇವರ ಕಿಟಕಿಯ ಮುಂದೆ ಬರಲು ಹೆದರುತ್ತಿದ್ದರು. ಮನೆಗೆ ಇವರ ಸ್ಕೂಟರ್ ಬರುವ ಸಪ್ಪಳಕ್ಕೆ ರಾಧಿಕಾ ಟಿವಿ ಆರಿಸುತ್ತಿದ್ದಳು, ನಾನು ಎದ್ದು ಒಲೆ ಮುಂದೆ ನಿಲ್ಲುತ್ತಿದ್ದೆ. ಅಂಥವರು ಮಗಳ ಕೈಯಲ್ಲಿ ಲಿಂಬೆರಸ ಬಿಡಿಸಿಕೊಂಡು, ಅದು ಮೂಗಿಗೆ ಸಿಡಿದು, ಮಂಚ ಅಲುಗುವ ಹಾಗೆ ನಕ್ಕರು. ಕಡ್ಡಿ ಸ್ವಲ್ಪವೂ ವಾಲಲಿಲ್ಲ.

"ಅಪ್ಪಾ, ನೀ ಪಕ್ಕಾ ಎಕ್ಸ್‌ಟ್ರೋವರ್ಟ್ ನೋಡು."

"ಅಂದ್ರ?"

"ಮಂದಿ ಬೇಕು ನಿನಗ, ಮಂದಿ."

"ಹೌದು ಮತ್ತ. ಮಂದಿ ಇಲ್ಲಂದ್ರ ಬಸ್ಸು ಯಾಕ ಬಿಡಬೇಕು?"

ರಾಧಿಕಾ ಎಲ್ಲ ವಿಡಿಯೋ ಮಾಡಿಕೊಂಡಳು. ಅವಳ ಕಡ್ಡಿ ಮಾತ್ರ ಪೂರ್ತಿ ವಾಲಿತು. ಗದ್ದ, ಹಟ, ಬಿಗಿದ ತುಟಿ — ಎಲ್ಲ ಅಪ್ಪನದು. ಹಳೆಯ ಅಪ್ಪನದು.


ಡಿಸೆಂಬರ್ 8, ಭಾನುವಾರ. ಇಳಕಲ್ಲಿನಿಂದ ಬಂದು

ಅತ್ತೆಯನ್ನು ನೋಡಲು ಹೋಗಿದ್ದೆವು. ಸೋಮವ್ವ, ಇವರ ತಾಯಿ. ಇಳಕಲ್ಲಿನಲ್ಲಿ ನೇಕಾರರ ಓಣಿಯ ಮನೆ. ಪಕ್ಕದ ಮನೆಯ ಮಗ್ಗದ ಸದ್ದಿನಲ್ಲೇ ಎಲ್ಲ ಮಾತು.

ಇವರು ಬಾಗಿಲಲ್ಲಿ ನಿಂತು ಓಣಿಯವರನ್ನೆಲ್ಲ ಕರೆದು ಮಾತಾಡಿಸಿದರು. ಪಕ್ಕದ ಮನೆಯ ದಪ್ಪ ಮೈಯ ಬಾಳಮ್ಮನಿಗೆ, "ಏನಬೇ, ಬಾಗಲದಾಗ ಹಿಡಸ್ತೀಯೋ ಇಲ್ಲೋ?" ಅಂದರು. ಆಕೆಯ ಮುಖ ಸಣ್ಣದಾಯಿತು. ಇವರಿಗೆ ಅದು ಕಾಣಲೇ ಇಲ್ಲ. ಆಕೆ ತಿನ್ನುತ್ತಿದ್ದ ತಾಟಿನಿಂದಲೇ ಮಿರ್ಚಿ ಭಜಿ ತೆಗೆದು ತಿಂದರು. ಶರ್ಟಿನ ಕಾಲರ್ ಎರಡು ದಿನದ್ದು. ಮೊದಲು ಇಸ್ತ್ರಿ ಇಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದರು. "ಇಂವಗ ಏನಾಗೇತಿ ಶಿವಗಂಗಾ?"

"ಏನಾಗೈತ್ರಿ ಅತ್ತಿ? ಖುಷಿಲೆ ಇದ್ದಾರ."

"ನನ್ನ ಮಗ ಹಿಂಗ ನಗಾಂವ ಅಲ್ಲ. ಅವರಪ್ಪನೂ ನಕ್ಕಾಂವ ಅಲ್ಲ."

"ನಗೂದೂ ತಪ್ಪೇನ್ರಿ?"

"ತಪ್ಪಲ್ಲ ಯವ್ವಾ. ನನಗ ಗುರುತು ಸಿಗವಲ್ದು, ಅಷ್ಟ."

ಸಿಟ್ಟು ಬಂತು. ಅಪ್ಪ ಹಾಗಿದ್ದ, ಮಗ ಹಾಗಿರಬೇಕು — ಆ ಬಿಗಿಯಲ್ಲೇ ಬಾಳಿದವರಿಗೆ ಮಗನ ನಗು ರೋಗದಂತೆ ಕಾಣುತ್ತದೆ ಅಂದುಕೊಂಡೆ. ಹಿಂದಿರುಗುವಾಗ ಹುನಗುಂದದಲ್ಲಿ ಬಸ್ಸು ಬದಲಿಸಬೇಕಿತ್ತು. ಇವರು ಯಾವ ಬಸ್ಸು ಅಂತ ನನ್ನನ್ನು ಕೇಳಿದರು. ಜಿಲ್ಲೆಯ ಟೈಮ್‌ಟೇಬಲ್ ಬಾಯಿಪಾಠ ಇದ್ದವರು.

ಅದನ್ನೂ ನೋಡಿದೆ. ನೋಡಿ ಬಿಟ್ಟೆ. ದಣಿವಾಗಿತ್ತು.


ಡಿಸೆಂಬರ್ 19, ಗುರುವಾರ

ಸಾಮಾಜಿಕ-ಸಂಜ್ಞಾನಾತ್ಮಕ ಸಿದ್ಧಾಂತ ಶುರು ಮಾಡಿದೆ. ಹೆಸರು ಬರೆಯುವಷ್ಟರಲ್ಲಿ ಸೀಮೆಸುಣ್ಣ ಮುರಿಯಿತು. ಹೇಳುವುದು ಸುಲಭ: ಮನುಷ್ಯ, ಅವನ ನಡತೆ, ಅವನ ಸುತ್ತಲಿನವರು — ಮೂರೂ ಒಂದನ್ನೊಂದು ತಿದ್ದುತ್ತವೆ. ಯಾವುದೂ ಮೊದಲಲ್ಲ. ನೋಡಿ ಕಲಿಯುತ್ತೇವೆ. ಒಮ್ಮೆ ಮಾಡಿ ಆಯಿತೆಂದರೆ ಇನ್ನೊಮ್ಮೆ ಮಾಡಬಲ್ಲೆ ಅನ್ನುವ ನಂಬಿಕೆ ಬರುತ್ತದೆ. ಯಮನೂರ ಪೂರ್ತಿ ಬರೆದುಕೊಂಡ.

ಸ್ಟಾಫ್‌ರೂಮಿನಲ್ಲಿ ಗೌತಮ ಸರ್ ಚಹಾ ಹಿಡಿದು ಬಂದರು. ಹೊಸದಾಗಿ ಪಿಎಚ್‌ಡಿ ಮುಗಿಸಿ ನಮ್ಮ ವಿಭಾಗಕ್ಕೆ ಸೇರಿದವರು, ಎಲ್ಲವನ್ನೂ ಜೀನ್ಸ್‌ಗೆ ಒಯ್ದು ಕಟ್ಟುತ್ತಾರೆ.

"ಅವಳಿ ಮಕ್ಕಳನ್ನ ಬ್ಯಾರೆ ಬ್ಯಾರೆ ಮನ್ಯಾಗ ಬೆಳಿಸಿದ್ರೂ ಸ್ವಭಾವ ಕೂಡಿ ಬರ್ತೈತ್ರಿ ಮೇಡಂ. ಹತ್ರಹತ್ರ ಅರ್ಧ ರಕ್ತದ್ದ."

"ಇನ್ನರ್ಧ?"

"ಅದನ್ನ ನೀವು ಕಲಸ್ರಿ" ಎಂದು ನಕ್ಕರು.

ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಇವರು ಮೆತ್ತಗಾದ ಮೇಲೆ ನಾವು ಸಡಿಲಾದೆವು. ಈಗ ಮನೆಯಲ್ಲಿ ನಾನೂ ಜೋರಾಗಿ ಮಾತಾಡುತ್ತೇನೆ. "ಇವತ್ತು ನನಗ ಆಗೂದಿಲ್ಲ, ಖಾನಾವಳಿಯಿಂದ ತರ್ರಿ" ಅಂತ ಮೊನ್ನೆ ಅಂದೆ. ತಂದರು. ಆ ರೊಟ್ಟಿಯನ್ನು ಅಡುಗೆಮನೆಯಲ್ಲಿ ನಿಂತೇ ತಿಂದೆ, ಏನೋ ಕದ್ದವಳ ಹಾಗೆ.


ಜನವರಿ 18, 2025. ಶನಿವಾರ. ರಾತ್ರಿ ಊಟಕ್ಕೆ ಮುಂಚೆ

ರಾಧಿಕಾ ಆಯ್ಕೆಯಾದಳು.

ಬಾಗಲಕೋಟೆಯ ಸೈಕ್ಲಿಂಗ್ ಹಾಸ್ಟೆಲ್‌ಗೆ. ಇವತ್ತು ಟ್ರಯಲ್ಸ್. ಎರಡು ವರ್ಷದ ಹಿಂದೆ ಅವಳು ಬನಶಂಕರಿ ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡುವುದನ್ನು ಯಾರೋ ಹೇಳಿದ್ದಕ್ಕೆ ಇವರು ಸೈಕಲ್ಲಿಗೆ ಸರಪಳಿ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಂಡಿದ್ದರು. "ಚಡ್ಡಿ ಹಾಕ್ಕೊಂಡು ರೋಡಿನ್ಯಾಗ ಓಡಾಡಾಕ ನಿನ್ನ ಹಡೆದಿಲ್ಲ" ಅಂತ. ಹೋದ ಮಳೆಗಾಲದಲ್ಲಿ ಕೀಲಿ ತಾವೇ ತೆಗೆದುಕೊಟ್ಟರು. ನಾವು ಕೇಳಿಯೂ ಇರಲಿಲ್ಲ.

ಇವತ್ತು ರಜೆ ಹಾಕಿ ಬಂದರು. ರಸ್ತೆ ಬದಿಯಲ್ಲಿ ಸೈಕಲ್ಲುಗಳ ಹಿಂದೆ ಓಡಿದರು, ಒಂದು ಚಪ್ಪಲಿ ಕಳಚಿ ಬಿತ್ತು, ಉಳಿದ ತಂದೆತಾಯಿಗಳು ನಕ್ಕರು. ರಾಧಿಕಾ ನಾಚಿಕೊಳ್ಳಲಿಲ್ಲ. ಮುಗಿದ ಮೇಲೆ ಕೋಚ್ ಕರೆದು, ಎಸ್ಸೆಸ್ಸೆಲ್ಸಿ ಮುಗಿಸಿ ಜೂನ್‌ನಲ್ಲಿ ಬಂದು ಸೇರಬೇಕು, ಪಿಯುಸಿ ಇಲ್ಲೇ ಆಗಲಿ, ತಂದೆಯ ಒಪ್ಪಿಗೆ ಬೇಕು ಎಂದರು.

"ಹೂಂ. ಹೋಗ್ಲಿ ಆಕಿ" ಎಂದರು ಇವರು.

"ವಿಚಾರ ಮಾಡಿ ಹೇಳ್ರಿ ಸರ್. ನಡುವ ಬಿಡಿಸಿಕೊಂಡು ಹೋಗಬಾರದು."

"ವಿಚಾರ ಏನ್ ಮಾಡೂದ್ರಿ? ನನ್ನ ಮಾತಂದ್ರ ಮಾತು." ಸಹಿ ಹಾಕಿದರು.

ಬಸ್ಸಿನಲ್ಲಿ ರಾಧಿಕಾ ಇವರ ಕೈ ಹಿಡಿದುಕೊಂಡೇ ಕೂತಳು. ನಾನು ಹಿಂದಿನ ಸೀಟು. ಬಹಳ ದಿನದ ಮೇಲೆ ಬಸ್ಸಿನಲ್ಲಿ ನಿದ್ದೆ ಬಂತು.


ಫೆಬ್ರವರಿ 4, ಮಂಗಳವಾರ

ಸಂಜೆ ಗೇಟು ತೆಗೆದಾಗಲೇ ಗ್ಯಾಸ್ ವಾಸನೆ. ಓಡಿದೆ. ಒಲೆಯ ಮೇಲೆ ಹಾಲು ಉಕ್ಕಿ ಬೆಂಕಿ ಆರಿತ್ತು, ಗ್ಯಾಸ್ ಹಾಗೆಯೇ ಬರುತ್ತಿತ್ತು. ಇವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ತೆಗೆದೆ.

"ವಾಸನಿ ಬರಲಿಲ್ಲೇನ್ರಿ ನಿಮಗ?"

"ಯಾವ ವಾಸನಿ?"

ಹಿಂಗಿನ ಡಬ್ಬಿ ತಂದು ಮೂಗಿಗೆ ಹಿಡಿದೆ. ಬೆಳ್ಳುಳ್ಳಿ ಜಜ್ಜಿ ಹಿಡಿದೆ. ಕೊನೆಗೆ ಸೀಮೆಎಣ್ಣೆ. ಇವರು ನಗುತ್ತಲೇ ಇದ್ದರು. "ಏನೂ ಇಲ್ಲ ಗಂಗಾ, ಖಾಲಿ."

ತಳ ಹಿಡಿದ ಅನ್ನ. ಕಾಲರ್. ಹುನಗುಂದದ ಬಸ್ಸು. ವಾಸನೆ ತಿಳಿಯುವ ನರ ಎಲ್ಲಿ ಹಾದು ಹೋಗುತ್ತದೆ ಅಂತ ನಾನೇ ಬೋರ್ಡಿನ ಮೇಲೆ ಬರೆಯುತ್ತೇನೆ — ಹಣೆಯ ಹಿಂದೆ, ಮೆದುಳಿನ ಮುಂಭಾಗದ ಅಡಿಯಲ್ಲಿ. ಮನುಷ್ಯನ ಲಗಾಮು ಇರುವುದೂ ಅಲ್ಲೇ.

ಅಡುಗೆಮನೆಯಲ್ಲೇ ಕೂತೆ. ಇವರು ಬಂದು ನೀರು ಕೊಟ್ಟರು.


ಫೆಬ್ರವರಿ 7, ಶುಕ್ರವಾರ

ಬಾಗಲಕೋಟೆಯಲ್ಲಿ ಸ್ಕ್ಯಾನ್. ಗಂಟು ಇದೆ. ಲಿಂಬೆಹಣ್ಣಿಗಿಂತ ದೊಡ್ಡದು. ಮೆದುಳಿನ ಹೊದಿಕೆಯಿಂದ ಎದ್ದದ್ದು, ಕ್ಯಾನ್ಸರ್ ಅಲ್ಲ, ನಿಧಾನಕ್ಕೆ ಬೆಳೆದು ಎರಡೂ ಕಡೆ ಒತ್ತುತ್ತಿದೆ. ವರ್ಷಗಳಿಂದ ಇದ್ದಿರಬೇಕಂತೆ. ಹುಬ್ಬಳ್ಳಿಗೆ ಬರೆದುಕೊಟ್ಟರು.

ರಾಧಿಕಾಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಅಪ್ಪ ಛಲೋ ಆಗಿದ್ದು ಅದಕ್ಕೇನು?"

ರೊಟ್ಟಿ ಮಾಡಲು ಎದ್ದೆ.


ಫೆಬ್ರವರಿ 12, ಬುಧವಾರ. ಹುಬ್ಬಳ್ಳಿ, ದವಾಖಾನೆ

ಆಪರೇಷನ್‌ಗೆ ಮುಂಚೆ ಸೈಕಾಲಜಿಸ್ಟ್ ಒಬ್ಬಳು ಬಂದಳು. ಚಿಕ್ಕ ವಯಸ್ಸು, ನನ್ನ ವಿದ್ಯಾರ್ಥಿನಿಯರ ಹಾಗೆ. ರೋಗಿ ತನ್ನ ಬಗ್ಗೆ ಹೇಳುವುದು ಸಾಲದು, ಮನೆಯವರು ಹೇಳಬೇಕು. ಒಂದೊಂದು ಗುಣಕ್ಕೂ ಒಂದರಿಂದ ಐದು ಅಂಕ. ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ. ಇಂಥವು ಎಷ್ಟೋ ಭರ್ತಿ ಮಾಡಿಸಿದ್ದೇನೆ. ಭರ್ತಿ ಮಾಡುವ ಕಡೆ ಕೂತದ್ದು ಮೊದಲ ಸಲ.

"ಸಿಟ್ಟು, ಮೇಡಂ?"

"ಮೊದಲು ಐದು. ಈಗ ಒಂದು."

"ಮಂದಿ ಜೋಡಿ ಬೆರಿಯೂದು?"

"ಮೊದಲು ಒಂದು. ಈಗ ಐದು."

"ಹೆಂಡತಿ-ಮಕ್ಕಳ ಮ್ಯಾಲೆ ಪ್ರೀತಿ ತೋರಸೂದು?"

ಆಕೆ ಪೆನ್ನು ಹಿಡಿದು ಕಾಯುತ್ತಿದ್ದಳು. "ಈಗ ಐದು" ಎಂದೆ. ಮೊದಲಿನದು ಕೇಳಿದಳು. "ನೀವ ಹಾಕ್ರಿ" ಎಂದೆ.

ಕೊನೆಗೆ ಎಲ್ಲ ಕೂಡಿಸಿದಳು. ವ್ಯತ್ಯಾಸ ಎಷ್ಟೋ ಅಷ್ಟೂ ರೋಗಲಕ್ಷಣ. ಮಗಳ ಸೈಕಲ್ಲಿನ ಹಿಂದೆ ಓಡಿದ್ದು, ನನ್ನ ಹೆಸರು ಹಿಡಿದು ಕರೆದದ್ದು, ಬಾಳಮ್ಮನಿಗೆ ಅಂದ ಮಾತು, ಎರಡು ದಿನದ ಶರ್ಟು — ಎಲ್ಲ ಒಂದೇ ಕಾಲಂನಲ್ಲಿ.

ಆಕೆಯ ತಪ್ಪಿಲ್ಲ. ನಾನೂ ಹಾಗೇ ಕೂಡಿಸಲು ಕಲಿಸುತ್ತೇನೆ.


ಫೆಬ್ರವರಿ 18, ಮಂಗಳವಾರ. ಸಂಜೆ

ನಾಳೆ ಆಪರೇಷನ್. ತಲೆ ಬೋಳಿಸಿದ್ದಾರೆ. ಇವರು ವಾರ್ಡಿನ ನರ್ಸ್‌ಗೆಲ್ಲ ಬಸ್ ಸ್ಟ್ಯಾಂಡಿನ ದನಿಯಲ್ಲಿ, "ಬಾದಾಮಿ, ಬಾಗಲಕೋಟಿ, ಲಗೂನ ಹತ್ರಿ" ಅಂತ ಅನೌನ್ಸ್‌ಮೆಂಟ್ ಮಾಡಿ ತೋರಿಸುತ್ತಿದ್ದಾರೆ.

ಡಾಕ್ಟರ್ ಸಹಿ ಮಾಡಿಸಿಕೊಳ್ಳಲು ಕರೆದರು. ತೆಗೆಯದಿದ್ದರೆ ಕಣ್ಣು ಹೋಗುತ್ತವೆ, ಫಿಟ್ಸ್ ಬರುತ್ತವೆ, ಆಮೇಲೆ ಜೀವ. ತೆಗೆಯದೆ ದಾರಿಯಿಲ್ಲ. ನನಗೂ ಗೊತ್ತು. ಆದರೂ ಕೇಳಿದೆ.

"ತಗದ ಮ್ಯಾಲೆ ಮೊದಲಿನ ಹಂಗ ಆಗ್ತಾರೇನ್ರಿ ಡಾಕ್ಟರ್?"

ಅವರು ಕನ್ನಡಕ ತೆಗೆದು ಬಹಳ ಮೃದುವಾಗಿ ಹೇಳಿದರು. "ಭಾಳ ಮಟ್ಟಿಗೆ ಆಗ್ತಾರ್ರಿ. ಧೈರ್ಯ ತಗೋರಿ."

ಸಹಿ ಹಾಕಿದೆ.


ಮಾರ್ಚ್ 9, ಭಾನುವಾರ. ಬಾದಾಮಿ

ಬರೆಯಲಾಗಿರಲಿಲ್ಲ. ಆಪರೇಷನ್ ಸರಿಯಾಯಿತು. ಐಸಿಯು, ಜ್ವರ, ಮತ್ತೆ ವಾರ್ಡು. ಮೊನ್ನೆ ಮನೆಗೆ ಬಂದೆವು. ವಾಸನೆ ಇನ್ನು ಬರುವುದಿಲ್ಲವಂತೆ. ಕಣ್ಣು ಉಳಿದಿವೆ. ಇಷ್ಟು ದಿನ ಮಗುವಿನ ಹಾಗೆ ಮಲಗುತ್ತಿದ್ದರು, ಅಂದದ್ದಕ್ಕೆಲ್ಲ ತಲೆ ಆಡಿಸುತ್ತಿದ್ದರು. ಅತ್ತೆ ಇಳಕಲ್ಲಿನಿಂದ ಬಂದು ಹಾಸಿಗೆ ಬಿಟ್ಟು ಕದಲಿಲ್ಲ.

ಇವತ್ತು ಬೆಳಿಗ್ಗೆ ಚಹಾ ಕೊಟ್ಟೆ. ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಸಕ್ರಿ ಯಾರ ಹಾಕಿದ್ದು ಇಷ್ಟು?"

ದನಿ ದೊಡ್ಡದಲ್ಲ. ದೊಡ್ಡದು ಆಗಬೇಕಾಗಿಯೂ ಇಲ್ಲ. ಬಾಗಿಲಲ್ಲಿದ್ದ ರಾಧಿಕಾ ನನ್ನ ಮುಖ ನೋಡಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಂದ ನನ್ನ ಮಗ" ಎಂದರು.


ಮಾರ್ಚ್ 26, ಬುಧವಾರ

ರಾಧಿಕಾಳ ಪರೀಕ್ಷೆ ನಡೆದಿದೆ. ಇವರು ಮನೆಯಲ್ಲಿ ಮೆಲ್ಲಗೆ ಓಡಾಡುತ್ತಾರೆ. ಇಸ್ತ್ರಿ ಅಂಗಿ. ಗೋಡೆಯ ಗಡಿಯಾರ ಮುಂದಿದೆ ಅಂತ ಸರಿ ಮಾಡಿದರು. ಮಾತು ಲೆಕ್ಕ ಹಾಕಿದ ಹಾಗೆ.

ನಾನು ಸ್ಟಾಪಿನಿಂದ ಬರುವಾಗ ಹೆಜ್ಜೆ ಜೋರು ಮಾಡಿದ್ದು ಇವತ್ತು ಗಮನಕ್ಕೆ ಬಂತು. ತಡವಾಯಿತು ಅಂತ. ಒಂದು ವರ್ಷ ಬಿಟ್ಟಿದ್ದ ಅಭ್ಯಾಸ. ಕಾಲಿಗೆ ನೆನಪಿತ್ತು.

ಸಂಜೆ ಹಣಮಪ್ಪ ನೋಡಲು ಬಂದಿದ್ದ, ಇವರ ಡಿಪೋದ ಕಂಡಕ್ಟರ್. ಪಾಪ, ನಗಿಸಲೆಂದೇ ಹೇಳಿದ: "ಹೋದ ವರ್ಷ ಅಂತೂ ಭಾಳ ಮಜಾ ಇತ್ತು ನೋಡ್ರಿ ಸಾಹೇಬ್ರ. ಮೈಕಿನ್ಯಾಗ ಹಾಡ ಹಾಡ್ತಿದ್ರಿ. ಶೇಂಗಾ ಮಾರೂ ಮುದುಕಿ ಜೋಡಿ ಕುಣದಿದ್ರಿ. ಮಂದಿ ಮೊಬೈಲ್‌ನಾಗ ತಕ್ಕೊಂಡಾರ."

ಇವರ ಕಿವಿ ಕೆಂಪಾದವು. ಹಣಮಪ್ಪ ಹೋದ ಮೇಲೂ ಕುರ್ಚಿಯಿಂದ ಏಳಲಿಲ್ಲ. ಸಿಟ್ಟಲ್ಲ ಅದು. ನಾಚಿಕೆ. ಇವರ ಮುಖದಲ್ಲಿ ಅದನ್ನು ನಾನು ಹಿಂದೆ ನೋಡಿರಲಿಲ್ಲ.


ಏಪ್ರಿಲ್ 20, ಭಾನುವಾರ

ವಿಡಿಯೋಗಳನ್ನೆಲ್ಲ ಅಳಿಸು ಅಂತ ರಾಧಿಕಾಗೆ ಹೇಳಿದರು. ಆಕೆ ಮೊಬೈಲ್ ಬೆನ್ನ ಹಿಂದೆ ಹಿಡಿದಳು.

"ಅದು ನಮ್ಮಪ್ಪನ ವಿಡಿಯೋ."

"ನಾನ ನಿಮ್ಮಪ್ಪ. ಅದು ಹುಚ್ಚನ ವಿಡಿಯೋ."

ಆಕೆ ಅಳಿಸಲಿಲ್ಲ. ಇವರೂ ಕಸಿದುಕೊಳ್ಳಲಿಲ್ಲ. ಇಬ್ಬರೂ ಒಂದೇ ಥರ ಗದ್ದ ಮುಂದೆ ಮಾಡಿ ನಿಂತಿದ್ದರು. ನಾನು ಬಟ್ಟೆ ಒಣಹಾಕಲು ಹೋದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು.


ಮೇ 15, ಗುರುವಾರ

ಆಗಬೇಕಾದದ್ದು ಇವತ್ತು ಆಯಿತು.

ಹಾಸ್ಟೆಲ್‌ನಿಂದ ಫೋನ್ ಬಂತು — ಜೂನ್ ಎರಡಕ್ಕೆ ಬಂದು ಸೇರಬೇಕು. ಫೋನ್ ಎತ್ತಿದ್ದು ಇವರು. "ಆಕಿ ಬರೂದಿಲ್ಲ" ಎಂದು ಇಟ್ಟರು. ಮಧ್ಯಾಹ್ನ ನಾನು ವ್ಯಾಲ್ಯುಯೇಷನ್ ಮುಗಿಸಿ ಬಂದಾಗ ರಾಧಿಕಾ ಅಳುತ್ತಿರಲಿಲ್ಲ. ಅಳದೆ ಕೂತಿದ್ದಳು, ಅದಕ್ಕೇ ಹೆದರಿಕೆ ಆಯಿತು.

"ನೀ ಹೂಂ ಅಂದಿದ್ದಿ ಅಪ್ಪಾ. ಕೋಚ್ ಮುಂದ. ನನ್ನ ಮಾತಂದ್ರ ಮಾತು ಅಂದಿದ್ದಿ."

"ನಾ ಅಂದಿಲ್ಲ."

"ಸಹಿ ಐತಿ."

"ಕೈ ನನ್ನದಿರಬಹುದು. ಹೂಂ ಅಂದದ್ದು ಆ ಗಂಟು. ಡಾಕ್ಟರ್ ಅದನ್ನ ತಗದ ಒಗದಾರ. ಅದರ ಮಾತಿಗೆ ನಾ ಯಾಕ ಕಟ್ಟಬೀಳಲಿ?" ಹೇಳುವಾಗ ಬೆರಳು ಹಣೆಯ ಹೊಲಿಗೆಯ ಮೇಲಿತ್ತು.

ಬಾಗಿಲಲ್ಲೇ ನಿಂತಿದ್ದೆ, ಬ್ಯಾಗು ಹೆಗಲಲ್ಲೇ ಇತ್ತು.

"ಹೂಂ ಅಂದವರು ಯಾರೋ ನನಗ ಗೊತ್ತಿಲ್ಲರಿ" ಎಂದೆ. "ಅವತ್ತ ನಾನೂ ಅಲ್ಲೇ ಇದ್ದೆ. ನನ್ನ ತಲ್ಯಾಗ ಗಂಟಿದ್ದಿಲ್ಲ. ನಾ ಹೂಂ ಅಂತೇನಿ. ನಾ ಕಳಸ್ತೇನಿ."

ಇವರು ತಿರುಗಿ ನೋಡಿದರು.

"ನೀ ಯಾವಾಗಿಂದ ಮಾತಾಡಾಕ ಹತ್ತಿದಿ?"

"ಹೋದ ವರ್ಷದಿಂದ."

ತಾಟು ಹಾರಲಿಲ್ಲ. ಎದ್ದು ಹೊರಗೆ ಹೋದರು. ರಾಧಿಕಾ ಬಂದು ಹೆಗಲಿನಿಂದ ಬ್ಯಾಗು ಇಳಿಸಿದಳು.


ಮೇ 21, ಬುಧವಾರ

ಮಾತಿಲ್ಲ. ಹಿಂದೆ ಈ ಮೌನಕ್ಕೆ ಮೂರನೇ ದಿನಕ್ಕೆ ಸೋಲುತ್ತಿದ್ದೆ. ತಪ್ಪಾಯಿತು ಅನ್ನುತ್ತಿದ್ದೆ, ಏನು ತಪ್ಪು ಅಂತ ತಿಳಿಯದೆ. ಈ ಸಲವೂ ಸುಲಭ ಇಲ್ಲ. ನಿನ್ನೆ ಒಂದು ಕ್ಷಣ ಹೋಗಲಿ ಬಿಡು, ಇಲ್ಲೇ ಓದಲಿ ಅನ್ನಿಸಿತು. ಜಗಳಕ್ಕೂ ಶಕ್ತಿ ಬೇಕು. ಆದರೆ ಒಮ್ಮೆ ಬಾಯಿ ತೆರೆದವಳಿಗೆ ಮುಚ್ಚುವುದೂ ಆಯಾಸವೇ.

ಅತ್ತೆ ಇಳಕಲ್ಲಿನಿಂದ ಫೋನ್ ಮಾಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ. "ಕಳಸು" ಎಂದರು. "ನಾ ಅವರಪ್ಪಗ ಒಮ್ಮಿನೂ ಇಲ್ಲ ಅನ್ನಲಿಲ್ಲ. ಅದನ್ನ ನೋಡೇ ಇಂವ ಬೆಳದ."

ನಾನು ಹೇಳಲು ಒಂದು ಇಡೀ ಪಿರಿಯಡ್ ತೆಗೆದುಕೊಳ್ಳುವುದನ್ನು ಎರಡೇ ಮಾತಿನಲ್ಲಿ ಹೇಳಿದರು.


ಮೇ 27, ಮಂಗಳವಾರ

ಹುಬ್ಬಳ್ಳಿಗೆ ಚೆಕಪ್. ಅದೇ ಸೈಕಾಲಜಿಸ್ಟ್, ಅದೇ ಪ್ರಶ್ನೆಗಳು. ಸಿಟ್ಟು ಮೊದಲಿನಂತೆ, ಮಾತು ಮೊದಲಿನಂತೆ, ಶಿಸ್ತು ಮೊದಲಿನಂತೆ. "ಭಾಳ ಛಲೋ ರಿಕವರಿ ಮೇಡಂ" ಎಂದಳು. ಮುಂದಿನ ತಿಂಗಳಿಂದ ಡ್ಯೂಟಿಗೆ ಹೋಗಬಹುದಂತೆ. ಇವರು ಪಕ್ಕದಲ್ಲಿ ಕೂತು ಪ್ರತಿ ಅಂಕ ನೋಡುತ್ತಿದ್ದರು — ಹಿಂದಿನ ಸಲದ್ದೂ.

ಬಸ್ಸು ನವಲಗುಂದ ದಾಟಿದ ಮೇಲೆ, ಹನ್ನೆರಡು ದಿನದಲ್ಲಿ ಮೊದಲ ಮಾತು. ಕಿಟಕಿ ಕಡೆ ಮುಖ ಮಾಡಿಯೇ.

"ಆವಾಗ ನಾ ಛಲೋ ಇದ್ನೇನು?"

ಹೊರಗೆ ಕರಿ ಹೊಲ, ಕೆಲವು ಹದಗೊಂಡಿದ್ದವು, ಕೆಲವು ಇಲ್ಲ.

"ಛಲೋ ಇದ್ರಿ. ಹುಷಾರಿದ್ದಿಲ್ಲ."

"ಈಗ?"

"ಈಗ ಹುಷಾರಿದ್ದೀರಿ."

ಮುಂದೆ ಕೇಳಲಿಲ್ಲ. ಕುಳಗೇರಿ ಕ್ರಾಸಿನಲ್ಲಿ ಬಸ್ಸು ನಿಂತಾಗ ತಮ್ಮ ಕಂಟ್ರೋಲರ್ ಕಿಟಕಿಯನ್ನೇ ನೋಡುತ್ತಿದ್ದರು. ಯಾರೋ ಬೇರೆಯವರು ಕೂತಿದ್ದರು. ಗುರುತಿನ ಡ್ರೈವರ್ ಒಬ್ಬ ಕೆಳಗಿನಿಂದ ಕೈ ಎತ್ತಿದ, ನಕ್ಕ. ಇವರು ಕೈ ಅರ್ಧ ಎತ್ತಿ ಇಳಿಸಿದರು. ಅಷ್ಟು ನಗಬೇಕೋ ಬೇಡವೋ ತಿಳಿಯದವರ ಹಾಗೆ.


ಜೂನ್ 2, ಸೋಮವಾರ. ಸಂಜೆ

ಬಿಟ್ಟು ಬಂದೆ.

ಬೆಳಿಗ್ಗೆ ನಾವು ಹೊರಟಾಗ ಇವರು ಹಿತ್ತಲಲ್ಲಿದ್ದರು. ರಾಧಿಕಾ ಹೋಗಿ ಕಾಲು ಮುಟ್ಟಿದಳು. ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಬಸ್ಸಿನ ಮೇಲೆ ಸೈಕಲ್ ಹಾಕಿಸಿ ನಾವಿಬ್ಬರೇ ಹೋದೆವು. ಹಾಸ್ಟೆಲ್‌ನಲ್ಲಿ ಮಂಚ, ಬೀರು, ಕಿಟಕಿ ಹೊರಗೆ ಬೇವಿನ ಗಿಡ. ಬೇರೆ ಹುಡುಗಿಯರು ಟೈರಿಗೆ ಗಾಳಿ ಹೊಡೆಯುತ್ತಿದ್ದರು. ನಾನು ಇನ್ನೂ ಗೇಟು ದಾಟಿರಲಿಲ್ಲ, ಇವಳು ಅವರ ನಡುವೆ ಕೂತಾಗಿತ್ತು. ಅಳುತ್ತೇನೆ ಅಂದುಕೊಂಡಿದ್ದೆ. ಅಳುವಷ್ಟು ಕಸುವು ಇರಲಿಲ್ಲ.

ಮನೆಗೆ ಬಂದಾಗ ಇವರು ಕಟ್ಟೆಯ ಮೇಲಿದ್ದರು. ಲೈಟ್ ಹಾಕಿರಲಿಲ್ಲ.

"ಅತ್ತಳೇನು?"

"ಇಲ್ಲ."

"ಡಾಕ್ಟರಿಗೆ ಫೋನ್ ಹಚ್ಚು" ಎಂದರು. ಗಾಬರಿಯಾಯಿತು. ತಲೆನೋವೇ, ಕಣ್ಣೇ ಅಂತ ಕೇಳಿದೆ.

"ಕಣ್ಣ. ಮುಂಜಾನಿಂದ ನೀರು ಬರಾಕ ಹತ್ಯಾವ. ಒರಸಿದ್ರೂ ನಿಲ್ಲವಲ್ವು. ಮತ್ತ ಬೆಳದೈತೇನ ಕೇಳು ಅದು."

ಲೈಟ್ ಹಾಕಿ ನೋಡಿದೆ. ಕಣ್ಣು ಕೆಂಪು, ಮುಖ ಉಬ್ಬಿತ್ತು. ಹೆದರಿದ್ದರು. ಖರೇನೇ ಹೆದರಿದ್ದರು — ಮತ್ತೆ ಹಾಗಾಗುತ್ತೇನೋ ಅಂತ. ಪಕ್ಕದಲ್ಲಿ ಕೂತೆ. ಫೋನ್ ಕೈಯಲ್ಲೇ ಇತ್ತು.

"ಇದಕ್ಕ ಡಾಕ್ಟರ್ ಬ್ಯಾಡ್ರಿ" ಎಂದೆ. "ಮಗಳು ಹೋಗ್ಯಾಳ. ಬರ್ತಾವ."

"ಇದು ನಂದನ?"

"ನಿಮ್ದ."

ನಂಬಿದರೋ ಇಲ್ಲವೋ. ಮತ್ತೆ ಕಣ್ಣೊರೆಸಿ ಒದ್ದೆ ಅಂಗೈ ನೋಡಿಕೊಂಡರು. ಆಮೇಲೆ ಹಳೆಯ ದನಿಯಲ್ಲೇ, "ಊಟಕ್ಕ ಏನೈತಿ?" ಎಂದರು. ಏನೂ ಇಲ್ಲ, ನನಗೆ ಇವತ್ತು ಆಗುವುದಿಲ್ಲ ಎಂದೆ. ಒಳಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಕಾಲು ಚಾಚಿದರೆ ಮಲಗಿಬಿಡುತ್ತೇನೆ.

ಅಡುಗೆಮನೆಯಲ್ಲಿ ಸದ್ದು. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆಯುತ್ತಿದ್ದಾರೆ. ಸಿಟ್ಟಿನಲ್ಲೇ ಇರಬೇಕು, ಮುಚ್ಚಳ ಹಾಕುವ ರೀತಿಯೇ ಹೇಳುತ್ತಿದೆ. ಅಕ್ಕಿ ಯಾವುದರಲ್ಲಿದೆ ಅಂತ ಕೂಗಿ ಕೇಳುತ್ತಿದ್ದಾರೆ. ಇಷ್ಟು ವರ್ಷ ಇದೇ ಮನೆ. ಹೇಳಬೇಕೋ, ಹುಡುಕಲಿ ಅಂತ ಬಿಡಬೇಕೋ —